ಬಿಸಿಯಾದಾಗ ಮಾತ್ರ ಮಿಸ್‌ಫೈರ್, ಮೀಟರಲ್ಲಿ ಎಲ್ಲಾ ಸರಿ ತೋರಿಸ್ತಿದೆ

ಸ್ಟೆಪ್ನಿ_ಶಾಸ್ತ್ರಿ:
ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ, ಪ್ಲಗ್ ಮೇಲೇ ಕೂರೋ ಥರದ ಕಾಯಿಲ್ (ಕಿಡಿಗೆ ಹೈ ವೋಲ್ಟೇಜ್ ಕೊಡೋದು), ಒಂದೊಂದಕ್ಕೂ ಮೂರು ಪಿನ್. ತಣ್ಣಗಿದ್ದಾಗ ಏನೂ ತೊಂದ್ರೆ ಇಲ್ಲ, ಇಂಜಿನ್ ಚೆನ್ನಾಗಿ ಕಾದ್ಮೇಲೆ ಐಡಲಲ್ಲಿ ಗಡಗಡ ನಡುಗತ್ತೆ, ಸ್ವಲ್ಪ ಹೊತ್ತಿಗೆ ತಾನಾಗೇ ಸರಿ ಹೋಗತ್ತೆ, ಆಮೇಲೆ ಮತ್ತೆ ಶುರು. ಸ್ಕ್ಯಾನರಲ್ಲಿ ಪಿ0302, ಅಂದ್ರೆ ಎರಡನೇ ಸಿಲಿಂಡರಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರೀತಿಲ್ಲ). ಪ್ಲಗ್ ಹೊಸದು. ಎರಡನೇ ಕಾಯಿಲನ್ನ ಮೂರಕ್ಕೆ ಹಾಕಿ ನೋಡ್ದೆ, ಕೋಡ್ ಎರಡರಲ್ಲೇ ಕೂತಿದೆ. ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸೋದು) ನಾಲ್ಕೂ ಸುಮಾರು 13 ಓಮ್. ಕಾಯಿಲ್ ಕನೆಕ್ಟರಲ್ಲಿ ಇಗ್ನಿಷನ್ ಆನ್ ಮಾಡಿದ್ರೆ 12.3 ವೋಲ್ಟ್ ಬರ್ತಿದೆ. ಇಸಿಯು (ಇಂಜಿನ್ ಕಂಟ್ರೋಲ್ ಮಾಡೋ ಕಂಪ್ಯೂಟರ್) ಹೋಗಿದೆ ಅಂತಿದಾರೆ ಗ್ಯಾರೇಜಲ್ಲಿ. ನಂಬೋದಾ?

ತಂತಿಮಾಮ:
ಇಸಿಯು ಕಡೆಗೆ ಈಗ್ಲೇ ಹೋಗ್ಬೇಡಿ. ಕಾಯಿಲ್ ಬದಲಾಯಿಸಿದ್ರೂ ಕೋಡ್ ಜಾಗ ಬಿಡ್ಲಿಲ್ಲ ಅಂದ್ರೆ ಕಾಯಿಲ್ ತಪ್ಪಿಲ್ಲ, ಎರಡನೇ ಸಿಲಿಂಡರಿಗೆ ಮಾತ್ರ ಸೇರಿದ್ದೇನಿದೆಯೋ ಅದನ್ನ ಹುಡುಕಿ: ಟ್ರಿಗರ್ ವೈರು (ಕಿಡಿ ಹೊಡಿ ಅಂತ ಇಸಿಯು ಕಾಯಿಲಿಗೆ ಹೇಳೋದು ಇದ್ರಲ್ಲೇ), ಆ ಕನೆಕ್ಟರ್ ಪಿನ್ನುಗಳು, ಇಂಜೆಕ್ಟರ್ರು ಅದರ ವೈರು.

ಆ 12.3 ವೋಲ್ಟ್ ನೋಡಿ ಸಮಾಧಾನ ಮಾಡ್ಕೋಬೇಡಿ. ಮೀಟರ್ ಎಳೆಯೋ ಕರೆಂಟ್ ಇಲ್ಲ ಅನ್ನೋಷ್ಟು ಕಮ್ಮಿ, ವೈರಲ್ಲಿ ಒಂದೇ ಒಂದು ಎಳೆ ಉಳಿದಿದ್ರೂ ಪೂರ್ತಿ ವೋಲ್ಟೇಜ್ ತೋರಿಸತ್ತೆ. ಕನೆಕ್ಟರ್ ಬಿಚ್ಚಿ ಪವರ್ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ಮಧ್ಯೆ 21 ವಾಟಿನ ಬಲ್ಬ್ ಹಾಕಿ, ಪೂರ್ತಿ ಉರೀಬೇಕು. ಅದು ಉರೀತಿರೋವಾಗ್ಲೇ ಗ್ರೌಂಡ್ ಪಿನ್ನಿಂದ ಬ್ಯಾಟ್ರಿ ಮೈನಸ್ಸಿಗೆ ಮೀಟರ್ ಇಟ್ಟು ನೋಡಿ, 0.1 ವೋಲ್ಟಿಗಿಂತ ಜಾಸ್ತಿ ಬಂದ್ರೆ ಗ್ರೌಂಡ್ ಮೇಲೆ ಅನುಮಾನ ಪಡಿ. ಟ್ರಿಗರ್ ಪಿನ್ನಿಗೆ ಮಾತ್ರ ಅಪ್ಪಿತಪ್ಪಿನೂ ಬಲ್ಬ್ ಮುಟ್ಟಿಸ್ಬೇಡಿ, ಆಗ ನಿಜವಾಗ್ಲೂ ಇಸಿಯು ಹೋಗತ್ತೆ 😄

ವಾಲ್ವ್_ವಿನಾಯಕ:
ಎಲ್ರೂ ವೈರ್ ಹಿಂದೇನೇ ಬಿದ್ದಿದೀರಾ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದ್ರಾ? ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಪೂರ್ತಿ ಮುಚ್ಕೊಳ್ಳಲಿ ಅಂತ ಬಿಡೋ ಸಣ್ಣ ಸಂದು) ಕಮ್ಮಿಯಾಗಿದ್ರೂ ಬಿಸಿಯಾದಾಗ ಐಡಲಲ್ಲೇ ಮಿಸ್ ಹೊಡಿಯತ್ತೆ.

ತಂತಿಮಾಮ:
ಹೊಡಿಯತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದು ಬಿಸಿ ಇರೋವರೆಗೂ ಹೊಡೀತಾನೇ ಇರತ್ತೆ, ಹೀಗೆ ಬಂದು ಹೋಗಿ ಆಟ ಆಡಲ್ಲ.

ಅಲೆ_ನೋಡುವವ:
ಸ್ಕೋಪ್ (ವೋಲ್ಟೇಜ್, ಕರೆಂಟನ್ನ ಸ್ಕ್ರೀನಲ್ಲಿ ಗೆರೆಯಾಗಿ ತೋರಿಸೋದು) ಸಿಕ್ರೆ ಅರ್ಧ ದಾರಿ ಒಂದೇ ಏಟಿಗೆ ಮುಗಿಯತ್ತೆ. ಕಾಯಿಲ್‌ಗಳ ಪವರ್ ವೈರಿಗೆ ಕರೆಂಟ್ ಕ್ಲಾಂಪ್ ಹಾಕಿ, ಒಂದೊಂದು ಫೈರಿಂಗಿಗೂ ಕರೆಂಟಿನ ಗೆರೆ ಒಂದು ಇಳಿಜಾರಾಗಿ ಮೇಲೇರತ್ತೆ. ನಡುಗೋ ಹೊತ್ತಲ್ಲಿ ನಾಲ್ಕರಲ್ಲಿ ಒಂದು ಮಾಯ ಆದ್ರೆ ತೊಂದ್ರೆ ಟ್ರಿಗರಲ್ಲೋ ವೈರಿಂಗಲ್ಲೋ ಇದೆ ಅಂತ. ಇಳಿಜಾರು ಪೂರ್ತಿ ಇದ್ದೂ ಮಿಸ್ ಆದ್ರೆ ವಿನಾಯಕ್ ಹೇಳಿದ್ದನ್ನೋ ಇಂಜೆಕ್ಟರನ್ನೋ ಹಿಡ್ಕೊಳ್ಳಿ. ನಿಮ್ದು ಮೂರು ಪಿನ್ ಅಂದ್ರೆ ಇಗ್ನೈಟರ್ (ಕಾಯಿಲ್ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್) ಕಾಯಿಲ್ ಒಳಗೇ ಇರತ್ತೆ, ಪ್ರೈಮರಿ ಓಮ್ ಅಳೆಯೋಕೆ ಹೋಗಿ ಟೈಮ್ ಹಾಳು ಮಾಡ್ಕೋಬೇಡಿ. ಆಮೇಲೆ ಇದೆಲ್ಲಾ ನಡುಗ್ತಿರೋವಾಗ್ಲೇ ಮಾಡ್ಬೇಕು, ಸರಿಯಾಗಿ ಓಡೋವಾಗ ಅಳೆದ್ರೆ ಎಲ್ಲಾ ಸರಿನೇ ಇರತ್ತೆ.

ಸ್ಟೆಪ್ನಿ_ಶಾಸ್ತ್ರಿ:
ಬಲ್ಬ್ ಭರ್ಜರಿಯಾಗಿ ಉರೀತು, ಗ್ರೌಂಡ್ ಡ್ರಾಪ್ 0.04 ವೋಲ್ಟ್. ಸ್ಕೋಪ್ ಇರೋ ಫ್ರೆಂಡನ್ನ ಕರೆಸಿದ್ದೆ, ನಡುಗೋವಾಗ ಒಂದು ಇಳಿಜಾರು ನಿಜಕ್ಕೂ ಇಲ್ಲ! ಇಸಿಯು ಹತ್ರ ಟ್ರಿಗರ್ ಪಲ್ಸ್ ಸರಿಯಾಗೇ ಹೊರಡ್ತಿದೆ. ಕನೆಕ್ಟರ್ ಹಿಂದಿನ ವೈರಲ್ಲೂ ಪಲ್ಸ್ ಇದೆ, ಆದ್ರೂ ಕಾಯಿಲ್ ಹೊಡೀತಿಲ್ಲ. ಕನೆಕ್ಟರನ್ನ ಬೆರಳಲ್ಲಿ ಪಕ್ಕಕ್ಕೆ ಒತ್ತಿದ್ರೆ ಇಂಜಿನ್ ಸರಿ ಓಡತ್ತೆ, ಬಿಟ್ರೆ ಮತ್ತೆ ನಡುಕ.

ತಂತಿಮಾಮ:
ಹಾಗಾದ್ರೆ ಟ್ರಿಗರ್ ಟರ್ಮಿನಲ್ (ಕನೆಕ್ಟರ್ ಒಳಗೆ ಪಿನ್ ಹಿಡಿಯೋ ಲೋಹದ ತುಂಡು) ಹಿಡಿತ ಬಿಟ್ಟಿದೆ. ಅದೇ ಸೈಜಿನ ಬಿಡಿ ಪಿನ್ ಒಂದು ತಗೊಂಡು ಕನೆಕ್ಟರಿನ ಮೂರು ತೂತಿಗೂ ಹಾಕಿ ಎಳೆದು ನೋಡಿ, ಹಾಳಾಗಿರೋದ್ರಲ್ಲಿ ಸುಮ್ನೆ ಜಾರ್ಕೊಂಡು ಬರತ್ತೆ. ಯಾರೋ ಮುಂದಿನಿಂದ ದಪ್ಪ ಮೀಟರ್ ಪ್ರೋಬ್ ತುರುಕಿದ್ರೂ ಹೀಗೇ ಅಗಲ ಆಗತ್ತೆ, ಅದಕ್ಕೇ ಹಿಂದಿನಿಂದ ತೆಳು ಪಿನ್ ಹಾಕಿ ಅಳೀಬೇಕು. ಟರ್ಮಿನಲ್ ಹೊಸದು ಹಾಕ್ಸಿ. ಸೋಲ್ಡರ್ ಬೇಡ, ಕ್ರಿಂಪ್ ಮಾಡ್ಸಿ (ಟರ್ಮಿನಲನ್ನ ವೈರ್ ಮೇಲೆ ಒತ್ತಿ ಹಿಡಿಸೋದು), ಸೋಲ್ಡರ್ ಮುಗಿಯೋ ಜಾಗದಲ್ಲೇ ವೈಬ್ರೇಷನ್ನಿಗೆ ವೈರ್ ಕಟ್ ಆಗತ್ತೆ.