ಅಭ್ಯಾಸಕ್ಕೂ ಆರೋಗ್ಯಕ್ಕೂ ಇರುವ ನಂಟನ್ನು 7ನೇ ತರಗತಿಗೆ ಹೇಗೆ ಕಲಿಸೋದು?

ಪ್ರಶ್ನೆ:
ಈ ಪಾಠಕ್ಕೆ 40 ನಿಮಿಷದ ನಾಲ್ಕು ಪೀರಿಯಡ್ ಸಿಕ್ಕಿವೆ. "ಒಳ್ಳೆಯ ಅಭ್ಯಾಸ, ಕೆಟ್ಟ ಅಭ್ಯಾಸ" ಅಂತ ಎರಡು ಪಟ್ಟಿ ಬರೆಸಿದರೆ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡ್ತಾರೆ, ಮಲಗುವ ಹೊತ್ತು ಮಾತ್ರ ಹಾಗೇ ಉಳಿಯುತ್ತೆ. ಲ್ಯಾಬ್ ಇಲ್ಲದೆ ತರಗತಿಯಲ್ಲೇ ಏನು ಮಾಡಿಸಬಹುದು? ದಿನಚರಿ ಬರೆಸಿದರೆ ಉಪಯೋಗವಿದೆಯಾ?

ಉತ್ತರ 1:
ನಾಡಿಬಡಿತದಿಂದ ಶುರು ಮಾಡಿ. ಖರ್ಚಿಲ್ಲ, ಫಲ ಅಲ್ಲೇ ಕೈಗೆ ಸಿಗುತ್ತೆ. ತೋರುಬೆರಳು, ನಡುಬೆರಳು ಸೇರಿಸಿ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಮೆಲ್ಲಗೆ ಒತ್ತಬೇಕು. ಹೆಬ್ಬೆರಳಿನಿಂದ ಒತ್ತಿದರೆ ಅದರ ನಾಡಿಯೇ ತಾಗಿ ಲೆಕ್ಕ ತಪ್ಪುತ್ತೆ. ಐದು ನಿಮಿಷ ಸುಮ್ಮನೆ ಕೂತ ಮೇಲೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಲಿ. ಆಮೇಲೆ ನಿಂತಲ್ಲೇ 2 ನಿಮಿಷ ಓಟ. ನಿಂತ ಕೂಡಲೇ ಎಣಿಸೋದು 15 ಸೆಕೆಂಡ್ ಮಾತ್ರ, ನಾಲ್ಕರಿಂದ ಗುಣಿಸಬೇಕು. ಹೆಚ್ಚು ಹೊತ್ತು ಎಣಿಸಿದರೆ ಅಷ್ಟರಲ್ಲಿ ಬಡಿತ ಇಳಿದಿರುತ್ತೆ. ಮತ್ತೆ ನಿಮಿಷಕ್ಕೊಮ್ಮೆ ಮೂರು ಸಲ ಎಣಿಸಿ ಗ್ರಾಫ್ ಹಾಕಿಸಿ. ಉಬ್ಬಸ, ಹೃದಯದ ತೊಂದರೆ ಯಾರಿಗಿದೆ ಅಂತ ಮೊದಲೇ ಗುಟ್ಟಾಗಿ ತಿಳಿದುಕೊಂಡಿರಿ. ಪಕ್ಕದವರ ಅಂಕಿ ನೋಡಿ ಹೋಲಿಸೋದು ಬೇಡ. ನಾಲ್ಕು ವಾರ ದಿನಾ ಆಟ ಆಡಿದ ಮೇಲೆ ಅದೇ ಪರೀಕ್ಷೆ ಮಾಡಿಸಿ, ತಮ್ಮ ಹಳೇ ಗ್ರಾಫ್ ಪಕ್ಕಕ್ಕೇ ಹೊಸದನ್ನು ಇಡಲಿ.

ಉತ್ತರ 2:
ದಿನಚರಿ ಖಂಡಿತ ಬರೆಸಿ, ಆದರೆ ನಿದ್ದೆ ಒಂದರದ್ದೇ ಸಾಕು. ನಾಲ್ಕು ಕಾಲಂ: ಫೋನ್ ಕೆಳಗಿಟ್ಟ ಹೊತ್ತು, ಮಲಗಿದ ಹೊತ್ತು, ಎದ್ದ ಹೊತ್ತು, ಮೊದಲ ಪೀರಿಯಡ್‌ನಲ್ಲಿ ತೂಕಡಿಕೆ 1ರಿಂದ 5. ಮನೆಗೆ ಕೊಟ್ಟು ಕಳಿಸಬೇಡಿ. ಏಳೂ ಸಾಲು ಒಂದೇ ಪೆನ್ನು, ಒಂದೇ ಓರೆ, ಎಲ್ಲ ದಿನವೂ 9.30 ಅಂತ ಬರುತ್ತೆ. ಹಿಂದಿನ ರಾತ್ರಿ ಕೂತು ತುಂಬಿದ್ದು ಅದು. ಬೆಳಗ್ಗೆ ತರಗತಿಯ ಮೊದಲ ಎರಡು ನಿಮಿಷದಲ್ಲೇ ತುಂಬಿಸಿ. ಹೆಸರು ಬೇಡ, ಮಾರ್ಕ್ಸ್ ಬೇಡ. ಮಾರ್ಕ್ಸ್ ಅಂದ ಕೂಡಲೇ ಸುಳ್ಳು ಶುರು.

6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13 ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹರೆಯ ಬರುವಾಗ ನಿದ್ದೆ ಹತ್ತುವ ಹೊತ್ತೇ ತಡವಾಗುತ್ತೆ ಅನ್ನೋದನ್ನೂ ಹೇಳಿ. ಅದನ್ನು ಸೋಮಾರಿತನ ಅಂತ ಬೈಯುವುದು ಅನ್ಯಾಯ.

ಎರಡನೇ ವಾರ ಒಂದೇ ಒಂದು ಬದಲಾವಣೆ. "ಬೇಗ ಮಲಗ್ತೀನಿ" ಅಂತ ಬರೆದರೆ ಒಪ್ಪಬೇಡಿ. "ಹಲ್ಲುಜ್ಜಿದ ಕೂಡಲೇ ಫೋನನ್ನು ಹೊರಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕ್ತೀನಿ" ಅಂತ ಬರೆದರೆ ಅದು ಯೋಜನೆ. ಯಾವುದರ ಬೆನ್ನಿಗೆ ಯಾವುದು ಅನ್ನೋದು ಗೊತ್ತಿದ್ದರೇ ಅಭ್ಯಾಸ ನಿಲ್ಲೋದು.

ಉತ್ತರ 3:
ಒಂದು ಪೀರಿಯಡ್ ಸೆಮ್ಮೆಲ್‌ವೈಸ್ ಅನ್ನೋ ವೈದ್ಯರ ಕಥೆಗೆ ಕೊಡಿ. 1847ರ ಏಪ್ರಿಲ್‌ನಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ನೂರಕ್ಕೆ ಸುಮಾರು 18 ತಾಯಂದಿರು ಸಾಯುತ್ತಿದ್ದರು. ಮೇ ತಿಂಗಳಲ್ಲಿ ಅವರ ಮಾತಿನಂತೆ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲು ಶುರು ಮಾಡಿದರು, ಜೂನ್‌ನಲ್ಲಿ ಅದು ಸುಮಾರು 2ಕ್ಕೆ ಇಳಿಯಿತು. ಅಂಕಿಗಳನ್ನಷ್ಟೇ ಬೋರ್ಡ್ ಮೇಲೆ ಬರೆದು, ಮಧ್ಯೆ ಏನಾಗಿರಬಹುದು ಅಂತ ಕೇಳಿ. ಉತ್ತರ ಅವರ ಬಾಯಿಂದಲೇ ಬರಲಿ.

ಎರಡು ಎಚ್ಚರಿಕೆ. ತರಗತಿಯಲ್ಲಿ ಯಾರ ತೂಕವನ್ನೂ ಅಳೆಯಬೇಡಿ. ನಾಚಿಕೆ ಹುಟ್ಟುತ್ತೆ, ಅಭ್ಯಾಸ ಬದಲಾಗಲ್ಲ. ಇನ್ನೊಂದು, ಕಾಯಿಲೆಗಳೆಲ್ಲ ನಡವಳಿಕೆಯಿಂದ ಬರುವುದಿಲ್ಲ. ಟೈಪ್ 1 ಮಧುಮೇಹ ಇರುವ ಮಗು ಅಲ್ಲೇ ಕೂತಿರಬಹುದು. "ನನ್ನ ಕೈಯಲ್ಲಿದೆ", "ಮನೆಯವರ ಕೈಯಲ್ಲಿದೆ", "ಯಾರ ಕೈಯಲ್ಲೂ ಇಲ್ಲ" ಅಂತ ಮೂರು ಕಾಲಂ ಮಾಡಿಸಿ, ಆಮೇಲೆ ಮುಂದಕ್ಕೆ ಹೋಗಿ.

ಪ್ರಶ್ನೆ ಕೇಳಿದವರು:
ದಿನಚರಿಯಲ್ಲಿ ಯಾವುದಾದರೂ ಮಗು ದಿನಾ 4 ಗಂಟೆಯಷ್ಟೇ ನಿದ್ದೆ ಅಂತ ಬರೆದರೆ?

ಉತ್ತರ 2:
ಅದಕ್ಕೇ ಹೆಸರಿನ ಬದಲು ನಿಮಗೊಬ್ಬರಿಗೇ ಗೊತ್ತಿರುವ ನಂಬರ್ ಹಾಕಿಸಿ, ಹಾಗಂತ ಮಕ್ಕಳಿಗೂ ಮೊದಲೇ ಹೇಳಿಬಿಡಿ. ಅಂಥ ಮಗುವನ್ನು ಒಂಟಿಯಾಗಿ ಕರೆದು, "ರಾತ್ರಿ ಮನೆಯಲ್ಲಿ ಹೇಗಿರುತ್ತೆ?" ಅಂತ ಕೇಳಿ. ಫೋನಿನ ಮಾತು ಆಮೇಲೆ.