ಡ್ರಗ್ಸ್ ಪರೀಕ್ಷೆಯ ಕಿಟ್ ನಮ್ಮ ಯುವಕ ಮಂಡಲದಲ್ಲಿ ಇಡಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಮಂಗಳೂರಿನ ಒಂದು ಯುವಕ ಮಂಡಲದಲ್ಲಿದ್ದೇನೆ. ನಮ್ಮ ಸುತ್ತ ಪಿಜಿಗಳು ಜಾಸ್ತಿ. ಎಂಡಿಎಂಎ (ಎಕ್ಸ್ಟಸಿ ಅಂತಾರಲ್ಲ, ಆ ಡ್ರಗ್ಸ್) ತಗೊಳ್ಳುವ ಹುಡುಗರು ಇದ್ದಾರೆ, ಎಲ್ಲರಿಗೂ ಗೊತ್ತುಂಟು. ಹೊರದೇಶದಲ್ಲಿ ಪುಡಿ, ಮಾತ್ರೆ ತಂದುಕೊಟ್ಟರೆ ಅದರಲ್ಲಿ ಎಂತ ಉಂಟು ಅಂತ ಪರೀಕ್ಷಿಸಿ ಹೇಳುವ ಕೇಂದ್ರಗಳಿವೆಯಂತೆ. ನಾವೂ ಕಿಟ್ ತರಿಸಬಹುದಾ?

ಉತ್ತರ (ಕ್ಯಾಶುವಲ್ಟಿ ವೈದ್ಯೆ): ನಿಮ್ಮ ಕಾಳಜಿ ನೋಡಿ ಖುಷಿಯಾಯಿತು. ಆದರೆ ಕಿಟ್ ಬೇಡ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾನೂನು, ಇರುವಾಗ, ಪರೀಕ್ಷೆಗೆ ಅಂತ ಒಂದು ಚಿಟಿಕೆ ಪುಡಿ ಇಟ್ಟುಕೊಂಡರೂ ಕೇಸ್ ನಿಮ್ಮ ಮೇಲೆ ಬರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1992ರಿಂದ ಸರ್ಕಾರದ ಬೆಂಬಲದಲ್ಲೇ ಈ ಕೆಲಸ ನಡೆಯುತ್ತಿದೆ. ನ್ಯೂಜಿಲೆಂಡ್ 2021ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ನಮ್ಮಲ್ಲೂ ಬರಬೇಕು ಅಂತ ನನಗೆ ಆಸೆ ಉಂಟು.

ಕಿಟ್‌ಗೂ ಎಲ್ಲ ಗೊತ್ತಾಗುವುದಿಲ್ಲ. ದ್ರಾವಣದ ಬಣ್ಣ ನೋಡಿ ಎಂಡಿಎಂಎ ಇರಬಹುದು ಅಂತ ಹೇಳಬಹುದು. ಎಷ್ಟು ಉಂಟು, ಜೊತೆಗೆ ಎಂತ ಬೆರೆಸಿದ್ದಾರೆ, ಅದು ಸಿಗುವುದಿಲ್ಲ. ಫೆಂಟನಿಲ್ ಅಂತ ಬಹಳ ತೀವ್ರವಾದ ಅಫೀಮು ಜಾತಿಯ ಮದ್ದುಂಟು; ಅದನ್ನು ಪತ್ತೆಹಚ್ಚುವ ಕಾಗದದ ಪಟ್ಟಿ ಅದ್ದುವಾಗ ಪುಡಿಗೆ ಬೆರೆಸಿದ ನೀರು ಸಾಲದಿದ್ದರೆ ಎಂಡಿಎಂಎಯನ್ನೇ ಫೆಂಟನಿಲ್ ಅಂತ ತೋರಿಸುವುದುಂಟು. ಒಳ್ಳೆಯ ಕೇಂದ್ರಗಳಲ್ಲಿ ಫಲಿತಾಂಶ ಕೊಡುವಾಗ ಕೂತು ಮಾತಾಡುತ್ತಾರಲ್ಲ, ಜೀವ ಉಳಿಸುವುದರಲ್ಲಿ ಅದರ ಪಾಲು ದೊಡ್ಡದು. ಆ ಮಾತನ್ನು ನೀವು ಒಂದು ಹಾಳೆಯಲ್ಲಿ ಬರೆಯಬಹುದು.

ಒಬ್ಬ ಹುಡುಗನನ್ನು ಬೆಳಗಿನ ಜಾವ ತಂದಿದ್ದರು. ಕುಡಿದ ಮೇಲೆ ನಿದ್ದೆ ಮಾತ್ರೆ ತಗೊಂಡಿದ್ದ. ತುಟಿ ನೀಲಿ. ಬಾಯಿಯ ಸುತ್ತ ಮಜ್ಜಿಗೆ ಒಣಗಿತ್ತು. "ಗೊರಕೆ ಹೊಡೀತಿದ್ದ ಡಾಕ್ಟ್ರೇ, ನಿದ್ದೆ ಬಂತು ಅಂದುಕೊಂಡೆವು" ಅಂತ ಗೆಳೆಯರು ಅಳುತ್ತಿದ್ದರು. ಪೊಲೀಸರ ಹೆದರಿಕೆಯಿಂದ ಇಡೀ ರಾತ್ರಿ ಬಾಗಿಲು ಹಾಕಿ ಕೂತಿದ್ದರು. ನಾಲ್ಕು ದಿನ ವೆಂಟಿಲೇಟರ್‌ನಲ್ಲಿದ್ದು ಬದುಕಿದ.

ಹಾಗಾಗಿ ಮೊದಲ ಸಾಲಿನಲ್ಲೇ ಬರೆಯಿರಿ: ಕರೆದರೂ ಏಳದವನ ಗೊರಕೆ ನಿದ್ದೆಯಲ್ಲ, 108ಕ್ಕೆ ಫೋನ್ ಮಾಡಿ. ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ ಮಜ್ಜಿಗೆ, ಲಿಂಬೆ ಶರಬತ್ತು ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಂತ ತಗೊಂಡಿದ್ದ ಅಂತ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಒಬ್ಬನೇ ರೂಮಿನಲ್ಲಿ ತಗೊಳ್ಳುವುದು ಬೇಡ, ಮದ್ಯದ ಜೊತೆಯಂತೂ ಬೇಡವೇ ಬೇಡ.

ಎಂಡಿಎಂಎ ಬಗ್ಗೆ ಬೇರೆಯೇ ಬರೆಯಿರಿ. ಅದು ಮೈ ಬಿಸಿ ಏರಿಸುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಅಲ್ವಾ? ಕುಣಿಯುತ್ತಿದ್ದವನ ಮೈ ಸುಡುತ್ತಿದ್ದರೆ, ಮಾತು ತೊದಲಿದರೆ, ಫ್ಯಾನ್ ಕೆಳಗೆ ಒದ್ದೆ ಬಟ್ಟೆ ಹಾಕಿ, ಆಗಲೇ ಆಸ್ಪತ್ರೆಗೆ ಹೊರಡಿ. "ಇನ್ನೂ ಏರಲಿಲ್ಲ" ಅಂತ ಮತ್ತೊಂದು ನುಂಗಿ ಬಂದವರನ್ನು ನಾವು ನೋಡುತ್ತಲೇ ಇದ್ದೇವೆ. ಒಂದೇ ಸಮ ನೀರು ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ಇಳಿಯುತ್ತದೆ.

ಒಬ್ಬ ತಾಯಿ: ಮೇಡಂ, ಇದು ತಗೊಳ್ಳಿ ಅಂತ ಹೇಳಿಕೊಟ್ಟ ಹಾಗೆ ಆಗುವುದಿಲ್ವಾ?

ವೈದ್ಯೆ: ಅಮ್ಮಾ, ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಆದರೆ ಎಚ್‌ಐವಿ ಹರಡಬಾರದು ಅಂತ ನಮ್ಮ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನಾಕೋವೇ ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡಿಸುತ್ತದೆ. ಹೆರಾಯಿನ್‌ನಂಥ ಚಟಕ್ಕೆ ಬದಲಿಗೆ ಕೊಡುವ ಬುಪ್ರೆನಾರ್ಫಿನ್ ಮಾತ್ರೆಯೂ ಉಂಟು. ಬಿಡಿಸುವುದಕ್ಕೆ ಮೊದಲು ಮಗು ಬದುಕಿರಬೇಕಲ್ಲ. ಚಿಕಿತ್ಸೆಗೆ ತಾವಾಗಿ ಬರುವವರಿಗೆ ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ ಸೇವನೆ, ಸಣ್ಣ ಪ್ರಮಾಣದ ಕೇಸಿನಿಂದ ವಿನಾಯಿತಿಯೂ ಸಿಗುತ್ತದೆ. ಇದನ್ನೂ ಹಾಳೆಯಲ್ಲಿ ಹಾಕಲಿ.

ಪ್ರಶ್ನೆ ಕೇಳಿದವರು: ಬರೆಯುತ್ತೇವೆ ಡಾಕ್ಟ್ರೇ. ಭಾಷೆ?

ವೈದ್ಯೆ: ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮಲಯಾಳಂ. ಪಿಜಿಯಲ್ಲಿ ಎಲ್ಲರೂ ಇರುತ್ತಾರೆ. ಮೊದಲು ಡ್ರಗ್ಸ್ ಬಿಟ್ಟು ಬಂದ ಇಬ್ಬರನ್ನಾದರೂ ಕೂರಿಸಿಕೊಂಡು ಬರೆಯಿರಿ. ಯಾವ ಸಾಲು ಹುಡುಗರು ನಂಬುವುದಿಲ್ಲ ಅಂತ ಅವರಿಗೇ ಗೊತ್ತು. 14446, ವ್ಯಸನಮುಕ್ತಿ ಸಹಾಯವಾಣಿ, ದೊಡ್ಡ ಅಕ್ಷರದಲ್ಲಿರಲಿ. ಕರಡು ಆದ ಮೇಲೆ ಇಲ್ಲೇ ಹಾಕಿ, ನಾನು ತಿದ್ದಿಕೊಡುತ್ತೇನೆ.