ರಂಪಣಿ ಹೋಯಿತು, ಪಟ್ಣದ ಒಗ್ಗಟ್ಟೂ ಹೋಯಿತಾ?

ಕಡಲಬದಿಯವ:
ನಿನ್ನೆ ಸಂಜೆ ಮಲ್ಪೆ ಪಡುಕೆರೆಯಲ್ಲಿ ಕೈರಂಪಣಿ, ಅಂದರೆ ದಡದಲ್ಲಿ ನಿಂತು ಎಳೆಯುವ ಸಣ್ಣ ರಂಪಣಿ ಬಲೆ, ಎಳೆಯುವುದನ್ನು ನೋಡಿದೆ. ಹತ್ತು-ಹದಿನೈದು ಜನ, ಹೆಚ್ಚಿನವರು ಅರವತ್ತು ದಾಟಿದವರು. ಸಿಕ್ಕಿದ್ದು ಎರಡು ಬುಟ್ಟಿ ಸಣ್ಣ ಪೊಡಿ ಮೀನು. ನನ್ನ ಅಜ್ಜ ಇದ್ದದ್ದು ದೊಡ್ಡ ರಂಪಣಿ ಕಂಪೆನಿಯಲ್ಲಿ, ಅಂದರೆ ಪಾಲುದಾರರು ಸೇರಿ ನಡೆಸುವ ಗುಂಪಿನಲ್ಲಿ. ದೋಣಿಯವರು ಬಲೆ ಬಿಡುತ್ತಾ ಕಡಲಲ್ಲಿ ಬಿಲ್ಲಿನ ಹಾಗೆ ಸುತ್ತು ಹಾಕಿ ಬರುವುದು, ಆಮೇಲೆ ಎರಡೂ ತುದಿಯ ಹಗ್ಗವನ್ನು ಇಡೀ ಪಟ್ಣ, ಅಂದರೆ ಮೀನುಗಾರರ ಕೇರಿ, ದಡದಲ್ಲಿ ನಿಂತು ಎಳೆಯುವುದು. ಬಂಗುಡೆ ಮೀನು ವಿಪರೀತ ಬಿದ್ದರೆ ಬಲೆಯನ್ನು ನೀರಲ್ಲೇ ನಿಲ್ಲಿಸಿ, ಎರಡು ಮೂರು ದಿನ ಬೇಕಾದಷ್ಟೇ ತೆಗೆಯುತ್ತಿದ್ದರು. ಪಟ್ಣದ ಮುಖಂಡರಾದ ಗುರಿಕಾರರು ಹೇಳಿದ ಹಾಗೆ ಪಾಲು. ಹಗ್ಗಕ್ಕೆ ಕೈ ಹಾಕಿದ ಯಾರೂ ಬರಿಗೈಲಿ ಮನೆಗೆ ಹೋಗುತ್ತಿರಲಿಲ್ಲ. ಅನಾದಿಕಾಲದಿಂದ ನಡೆದು ಬಂದ ಇದು, 1970ರ ದಶಕದ ನಡುವಿನಲ್ಲಿ ಕಡಲಲ್ಲೇ ಮೀನಿನ ಸುತ್ತ ಬಲೆ ಹಾಕಿ ಹಿಡಿಯುವ ಯಂತ್ರದ ಪರ್ಸಿನ್ ಬೋಟು ಬಂದದ್ದೇ ಬಂದದ್ದು, ಕೆಲವೇ ವರ್ಷದಲ್ಲಿ ಮುಗಿಯಿತು. ರಂಪಣಿ ಜೊತೆ ಪಟ್ಣದ ಒಗ್ಗಟ್ಟೂ ಹೋಯಿತು ಅಂತ ನನ್ನ ಅಭಿಪ್ರಾಯ. ಒಪ್ಪದವರು ಕಾರಣ ಕೊಡಿ.

ದಕ್ಕೆ ಲೆಕ್ಕ:
"ಬರಿಗೈಲಿ ಹೋಗುತ್ತಿರಲಿಲ್ಲ" ಅಂದಿರಿ. ಸರಿ, ಕೈಲಿ ಎಷ್ಟು ಇರುತ್ತಿತ್ತು? ರಂಪಣಿ ಬಲೆ ಒಂದೇ ಬಲೆಯಲ್ಲ. ಒಬ್ಬೊಬ್ಬ ಪಾಲುದಾರ ತಂದ ತುಂಡುಗಳನ್ನು ಸೇರಿಸಿ ಹೊಲಿದದ್ದು. ತುಂಡು ಇದ್ದವನಿಗೆ ತುಂಡಿನ ಪಾಲು, ಬರೀ ರಟ್ಟೆ ಇದ್ದವನಿಗೆ ರಟ್ಟೆಯ ಪಾಲು. ಎರಡೂ ಒಂದೇ ಅಲ್ಲ. ಅಂಗಡಿ ಸಾಲ, ಸಾಹುಕಾರನ ಮುಂಗಡ ಎಲ್ಲ ಕಳೆದು ಉಳಿದದ್ದು ಮನೆಗೆ. ನಾನು ಮಂಗಳೂರಿನ ಮೀನು ಬಂದರಿನಲ್ಲಿ, ದಕ್ಕೆಯಲ್ಲಿ, ಇಪ್ಪತ್ತು ವರ್ಷ ಲೆಕ್ಕ ಬರೆದವ. ಒಗ್ಗಟ್ಟು ಅನ್ನುವುದು ಲೆಕ್ಕದ ಪುಸ್ತಕದಲ್ಲಿ ಯಾವ ಕಾಲಂನಲ್ಲೂ ಬರುವುದಿಲ್ಲ ಮಾರಾಯ್ರೆ.

ಗಂಗೊಳ್ಳಿಯವ:
ಉಳಿದದ್ದು ಬಿಡಿ. "ಅನಾದಿಕಾಲ"? ರಂಪಣಿ ನಮ್ಮ ಕರಾವಳಿಗೆ ಬಂದದ್ದೇ ಗೋವಾ ಕಡೆಯಿಂದ. ಅಲ್ಲಿ ಇವತ್ತಿಗೂ ಅದಕ್ಕೆ ರಾಂಪಣ್ ಅಂತಾರೆ, ಎಳೆಯುವವರಿಗೆ ರಾಂಪಣ್‌ಕಾರ್ ಅಂತಾರೆ. 1970ರ ದಶಕದಲ್ಲಿ ಬಲೆ ಎಳೆದುಕೊಂಡು ಹೋಗುವ ಯಂತ್ರದ ಟ್ರಾಲ್ ಬೋಟಿನ ವಿರುದ್ಧ ಗೋವಾದಲ್ಲಿ ದೊಡ್ಡ ಹೋರಾಟ ಮಾಡಿದವರು ಅವರೇ. ಆದಿ ಗೊತ್ತಿರುವ ಬಲೆಗೆ ಅನಾದಿ ಅಂತ ಹೇಗೆ ಬರೆಯುತ್ತೀರಿ?

ಪಟ್ಣದ ಹುಡುಗ:
ಓಹೋ, ಈಗ ನಮ್ಮ ಬಲೆಯೂ ಗೋವಾದ್ದಾ? ನಾಳೆ ಬಂಗುಡೆ ಪುಳಿಮುಂಚಿ ಸಾರೂ ಗೋವಾದ್ದು ಅನ್ನಿ. ನಮ್ಮ ಕಡಲ ದೈವ ಬೊಬ್ಬರ್ಯನ ಕಾಲದಿಂದ ನಾವು ಕಡಲಿಗೆ ಇಳಿದವರು. ಯಾರೋ ಬಂದು ಬಲೆ ಎಳೆಯಲು ಕಲಿಸಬೇಕಾಗಿರಲಿಲ್ಲ.

ಗಂಗೊಳ್ಳಿಯವ:
ಬೊಬ್ಬರ್ಯನನ್ನು ನೀವೇ ತಂದದ್ದು, ನಾನಲ್ಲ. ದೈವದ ಕಥೆ ಹೇಳುವ ತುಳು ಹಾಡಿನಲ್ಲಿ, ಪಾಡ್ದನದಲ್ಲಿ, ಬೊಬ್ಬರ್ಯನ ತಂದೆ ಯಾರು? ಮುಸ್ಲಿಂ ಬ್ಯಾರಿ ವ್ಯಾಪಾರಿ. ಆ ದೈವಕ್ಕೆ ಪಟ್ಣ ಪಟ್ಣದಲ್ಲಿ ಗುಡಿ ಕಟ್ಟಿ ಕೈ ಮುಗಿದವರು ನಿಮ್ಮ ಹಿರಿಯರೇ. ಮನುಷ್ಯ ಹೊರಗಿನಿಂದ ಬಂದರೆ ತೊಂದರೆ ಇಲ್ಲ, ಬಲೆ ಬಂದರೆ ಮಾತ್ರ ಅವಮಾನವಾ?

ಪಟ್ಣದ ಹುಡುಗ:
ದೈವದ ವಿಷಯಕ್ಕೆ ಬರಬೇಡಿ.

ಬೂತಾಯಿ ಪುಳಿಮುಂಚಿ:
ದೈವವನ್ನು ತಂದವರು ನೀವು, ಬರಬೇಡಿ ಅನ್ನುವವರೂ ನೀವು :)
ನಾನು ಯೆಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವ. ಹಾಗಾಗಿ ಮೀನಿನ ಬಗ್ಗೆ ಒಂದು ಮಾತು. ಪರ್ಸಿನ್ ಬಂದು ಎಲ್ಲ ಮುಗಿಯಿತು ಅನ್ನುವುದು ಪೂರ್ತಿ ಸರಿಯಲ್ಲ. 1940ರ ದಶಕದಲ್ಲೇ ಬೂತಾಯಿ ಮೀನು ವರ್ಷಗಟ್ಟಲೆ ಕೈಕೊಟ್ಟಿತ್ತು. ಆಗ ಪರ್ಸಿನ್ ಎಲ್ಲಿತ್ತು? ಬೂತಾಯಿ, ಬಂಗುಡೆ ಎರಡೂ ನೀರಿನ ಬಿಸಿ, ಮಳೆ, ಆಹಾರ ನೋಡಿ ಬರುವ ಮೀನು. ಒಂದು ವರ್ಷ ಗೊಬ್ಬರಕ್ಕೆ ಹಾಕುವಷ್ಟು, ಇನ್ನೊಂದು ವರ್ಷ ಸಾರಿಗೂ ಇಲ್ಲ.

ಕಡಲಬದಿಯವ:
"ಗೊಬ್ಬರಕ್ಕೆ ಹಾಕುವಷ್ಟು" ಅಂದಿರಲ್ಲ, ಅದನ್ನೇ ನಾನೂ ಹೇಳುವುದು. ಆಗ ಜಾಸ್ತಿಯಾದ ಮೀನು ಊರಿನ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಈಗ ಮರಿ ಮೀನು ಸಮೇತ ಮೀನು ಹುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಅದನ್ನು ಯಾಕೆ ಹೇಳುವುದಿಲ್ಲ?

ದಕ್ಕೆ ಲೆಕ್ಕ:
ಹೇಳುತ್ತೇನೆ. ಕಾರ್ಖಾನೆಗೆ ಮಾರುವವರು ಯಾರು? ನಮ್ಮವರೇ. ಪರ್ಸಿನ್ ಕೊಂಡವರು ಯಾರು? ರಂಪಣಿ ಕಂಪೆನಿಯಲ್ಲಿ ಪಾಲು ಇದ್ದವರೇ ನಾಲ್ಕೈದು ಜನ ಸೇರಿ ಬ್ಯಾಂಕ್ ಸಾಲ ಮಾಡಿ ಕೊಂಡರು. ಪರ್ಸಿನ್ ಅನ್ನುವುದು ಆಕಾಶದಿಂದ ಬೀಳಲಿಲ್ಲ.

ಮೀನು ಬುಟ್ಟಿ:
ಅಣ್ಣಂದಿರೇ, ಒಂದು ಮಾತು. ಇಲ್ಲಿವರೆಗೆ ಪಾಲು, ಬಲೆ, ಬೋಟು ಎಲ್ಲ ಬಂತು. ಬಲೆಯಿಂದ ಮೀನು ದಡಕ್ಕೆ ಬಿದ್ದ ಮೇಲೆ ಏನಾಗುತ್ತಿತ್ತು ಅಂತ ಯಾರೂ ಬರೆಯಲಿಲ್ಲ. ನನ್ನ ಅಮ್ಮ ಮಲ್ಪೆಯಿಂದ ಉಡುಪಿಗೆ ಬುಟ್ಟಿ ಹೊತ್ತು ನಡೆದೇ ಹೋಗುತ್ತಿದ್ದರು. ಬುಟ್ಟಿಯಿಂದ ನೀರು ಸೋರುತ್ತದೆ ಅಂತ ಬಸ್ಸಿನವರು ಹತ್ತಿಸುತ್ತಿರಲಿಲ್ಲ. ಮಾರಿದ ದುಡ್ಡಲ್ಲಿ ಅಕ್ಕಿ, ಮೆಣಸು, ಮಕ್ಕಳ ಫೀಸು. ಅಜ್ಜನಿಗೆ ರಂಪಣಿಯಲ್ಲಿ ಪಾಲು ಇತ್ತು. ಬಲೆಗೆ ನೂಲು ಹೊಸೆಯುತ್ತಿದ್ದ ಅಜ್ಜಿಗೆ ಯಾವ ಪಾಲು ಇತ್ತು? ಅಳಿಯಕಟ್ಟು, ಆಸ್ತಿ ಹೆಂಗಸರ ಕಡೆಯಿಂದ ಅಂತ ಹೊಗಳುತ್ತೇವೆ. ಗುರಿಕಾರರ ಕೂಟದಲ್ಲಿ ಮಾತ್ರ ಹೆಂಗಸರು ಬಾಗಿಲಿನ ಹೊರಗೆ.

ಪಟ್ಣದ ಹುಡುಗ:
ಅಕ್ಕ, ಯಾವ ಬಸ್ಸು? ನನ್ನ ದೊಡ್ಡಮ್ಮ ಬಸ್ಸಲ್ಲೇ ಹೋಗುತ್ತಿದ್ದರು, ಹಿಂದಿನ ಸೀಟಲ್ಲಿ. ಎಲ್ಲ ಬಸ್ಸಿನವರಿಗೂ ಸುಮ್ನೆ ಬೈಯಬೇಡಿ.

ಮೀನು ಬುಟ್ಟಿ:
ನಾನು ಹತ್ತು ಸಾಲು ಬರೆದೆ, ನಿನಗೆ ಬಸ್ಸು ಒಂದೇ ಕಂಡಿತಾ ತಮ್ಮ?

ಗಂಗೊಳ್ಳಿಯವ:
ರಂಪಣಿಯ ಹೆಸರಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಪಟ್ಟಬಲೆ, ಕಂತಬಲೆ, ಬೀಸುಬಲೆ. ನಮ್ಮ ಹಳೆಯ ಬಲೆಗಳ ಹೆಸರಲ್ಲೆಲ್ಲ "ಬಲೆ" ಉಂಟು. ರಂಪಣಿಯಲ್ಲಿ ಮಾತ್ರ ಇಲ್ಲ. ಯಾಕೆ? ಹೊರಗಿನಿಂದ ಹೆಸರು ಸಮೇತ ಬಂದದ್ದಕ್ಕೆ.

ಪಟ್ಣದ ಹುಡುಗ:
ಗಾಳದ ಹೆಸರಲ್ಲೂ "ಬಲೆ" ಇಲ್ಲ. ಅದೂ ಗೋವಾದಿಂದ ಬಂತಾ?

ಗಂಗೊಳ್ಳಿಯವ:
ಗಾಳ ಬಲೆಯೇ ಅಲ್ಲ ಮಾರಾಯ!! ಕಡಲಬದಿಯಲ್ಲಿ ಹುಟ್ಟಿದವ ಅಂತ ಹೇಳಿಕೊಂಡು ಇಷ್ಟೂ ಗೊತ್ತಿಲ್ಲವಾ?

ಪಟ್ಣದ ಹುಡುಗ:
ಗೊತ್ತಿರುವುದಕ್ಕೇ ಕೇಳಿದ್ದು. ಹೆಸರಲ್ಲಿ ಒಂದು ಪದ ಇಲ್ಲ ಅಂತ ಜಾತಕ ಬರೆಯುವವರಿಗೆ ಹಾಗೇ ಕೇಳಬೇಕು. "ರಂಪ" ಅಂದರೆ ಗದ್ದಲ. ಜನ ಸೇರಿ ಗದ್ದಲ ಮಾಡಿ ಎಳೆಯುವ ಬಲೆ, ಹಾಗಾಗಿ ರಂಪಣಿ. ಅಚ್ಚ ಕನ್ನಡ. ನನ್ನ ಅಜ್ಜಿಯೇ ಹೇಳಿದ್ದು.

ಗಂಗೊಳ್ಳಿಯವ:
ನಿಮ್ಮ ಅಜ್ಜಿ ಮನೆಯಲ್ಲಿ ತುಳು ಮಾತಾಡುತ್ತಿದ್ದರಾ, ಕನ್ನಡವಾ?

ಪಟ್ಣದ ಹುಡುಗ:
ತುಳು. ಆದರೆ ಏನೀಗ?

ಗಂಗೊಳ್ಳಿಯವ:
ಏನಿಲ್ಲ. ತುಳು ಅಜ್ಜಿ ಬಲೆಗೆ ಕನ್ನಡದಲ್ಲಿ ಹೆಸರಿಟ್ಟರು ಅಂತ ಬರೆದುಕೊಳ್ಳುತ್ತೇನೆ.

ಪಟ್ಣದ ಹುಡುಗ:
ಅಜ್ಜಿಯ ಬಗ್ಗೆ ನಾಲಿಗೆ ಹಿಡಿತದಲ್ಲಿರಲಿ. ಇಬ್ಬರೂ ಮೀನುಗಾರ ಜಾತಿಯವರೇ, ಆದರೂ ನಿಮ್ಮ ಖಾರ್ವಿಯವರಿಗೆ ನಮ್ಮ ಮೊಗವೀರರ ಮೇಲೆ ಯಾವಾಗಲೂ ಇದೇ ಉರಿ.

ಗಂಗೊಳ್ಳಿಯವ:
ಈಗ ಜಾತಿಗೆ ಬಂತು! ಬಲೆ ಯಾರದ್ದೇ ಇರಲಿ, ನಿಮ್ಮ ವಾದದ ಬಲೆಗೆ ತೂತು ಬಿದ್ದಿದೆ.

ಬೂತಾಯಿ ಪುಳಿಮುಂಚಿ:
ರಂಪಣಿಯ ಅರ್ಥ ಏನೇ ಇರಲಿ, ಇಲ್ಲಿ ನಡೆಯುತ್ತಿರುವುದು ಮಾತ್ರ ರಂಪವೇ.

ಮುಂಬಯಿಯ ಮೊಗವೀರ:
ದೂರದಿಂದ ಓದುತ್ತಿದ್ದೆ. ಜಾತಿಯ ಮಾತು ಬೇಡ. ಒಗ್ಗಟ್ಟು ಹೋಯಿತು ಅಂತ ಅಳುವವರಿಗೆ ಒಂದು ನೆನಪು. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ. ಹಗಲು ದುಡಿದು ಬಂದ ಹುಡುಗರಿಗೆ ರಾತ್ರಿ ಶಾಲೆ ನಡೆಸಿದ ಸಂಸ್ಥೆ ಅದು. ಅಲ್ಲಿ ರಂಪಣಿ ಇರಲಿಲ್ಲ, ಕಡಲಿಗೆ ಇಳಿಯುವ ಕೆಲಸವೂ ಹೆಚ್ಚಿನವರಿಗೆ ಇರಲಿಲ್ಲ. ಒಗ್ಗಟ್ಟು ಇತ್ತು. ಬಾರ್ಕೂರಿನ ಕುಲಮಹಾಸ್ತ್ರೀ ಅಮ್ಮನ ಗುಡಿಗೆ ನಾವು ಈಗಲೂ ವಂತಿಗೆ ಕಳಿಸುತ್ತೇವೆ. ಹಗ್ಗ ಎಳೆದರೆ ಮಾತ್ರ ಒಗ್ಗಟ್ಟು ಅಂತ ಯಾರು ಹೇಳಿದ್ದು?

ಕಡಲಬದಿಯವ:
"ವಂತಿಗೆ ಕಳಿಸುತ್ತೇವೆ". ಅಣ್ಣ, ತಪ್ಪು ತಿಳಿಯಬೇಡಿ, ವಂತಿಗೆ ಬೇರೆ, ಪಾಲು ಬೇರೆ. ವಂತಿಗೆ ಕೊಡುವವ ದೊಡ್ಡವನಾಗುತ್ತಾನೆ, ಅವನ ಹೆಸರು ಕಲ್ಲಿನ ಮೇಲೆ ಬರುತ್ತದೆ. ಪಾಲು ತೆಗೆದುಕೊಂಡವ ಸಣ್ಣವನಾಗುತ್ತಿರಲಿಲ್ಲ. ಈಗ ನೋಡಿ, ಬೋಟಿನ ಮಾಲಕ ಇಲ್ಲಿಯವ, ಬೋಟಿನಲ್ಲಿ ದುಡಿಯುವ ಕಲಾಸಿಗಳು ಒಡಿಶಾ, ಜಾರ್ಖಂಡ್, ಆಂಧ್ರದವರು. ಒಂದೇ ಬೋಟಿನಲ್ಲಿ ಎಂಟು ಹತ್ತು ದಿನ ಇದ್ದು ಬಂದರೂ ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ.

ದಕ್ಕೆ ಲೆಕ್ಕ:
ಒಡಿಶಾದವರು ಯಾಕೆ ಬಂದರು? ನಿಮ್ಮ ಮಗ ಬೋಟು ಹತ್ತುತ್ತಾನಾ?

ಕಡಲಬದಿಯವ:
ಮಗ ಬೆಂಗಳೂರಿನಲ್ಲಿ ಇದ್ದಾನೆ. ಅದು ಇಲ್ಲಿ ವಿಷಯ ಅಲ್ಲ.

ದಕ್ಕೆ ಲೆಕ್ಕ:
ಅದೇ ವಿಷಯ.

ಮೀನು ಬುಟ್ಟಿ:
ಈ ಒಂದು ಮಾತಿಗೆ ಲೆಕ್ಕದ ಅಣ್ಣನ ಜೊತೆ ನಾನಿದ್ದೇನೆ. ಹಗ್ಗ ಎಳೆಯುವ ಫೋಟೋ ಚಂದ ಕಾಣುತ್ತದೆ. ಎಳೆದವರ ಅಂಗೈ ನೋಡಿದ್ದೀರಾ? ನನ್ನ ಅಪ್ಪನೇ "ಕಡಲಿಗೆ ಬರಬೇಡ, ಶಾಲೆಗೆ ಹೋಗು" ಅಂತ ತಮ್ಮನಿಗೆ ಹೊಡೆದು ಕಳಿಸಿದ್ದು.

ಕಡಲಬದಿಯವ:
ಮೂಲ ವಿಷಯಕ್ಕೆ ಬನ್ನಿ ಎಲ್ಲರೂ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳಿಗೆ ರಜೆ. ಆಗ ಕಡಲಿಗೆ ಇಳಿಯುವುದು 10 ಎಚ್‌ಪಿ ಒಳಗಿನ ಎಂಜಿನ್ ಇರುವ ನಾಡದೋಣಿಯವರು ಮಾತ್ರ. ಅವರಲ್ಲಿ ಇವತ್ತಿಗೂ ಗುಂಪು ಉಂಟು, ಪಾಲು ಉಂಟು. ಬೆಳಕು ಹಾಕಿ ಹಿಡಿಯುವುದನ್ನು 2017ರಲ್ಲೇ ಕೇಂದ್ರ ನಿಷೇಧಿಸಿತು. ಆದರೂ ರಾತ್ರಿ ದಡದಲ್ಲಿ ನಿಂತರೆ ದೂರದಲ್ಲಿ ದೀಪಾವಳಿ ಕಾಣುತ್ತದೆ. ರಂಪಣಿಯವರು ಮೀನು ದಡದ ಹತ್ತಿರ ಬರುವವರೆಗೆ ಕಾಯುತ್ತಿದ್ದರು. ಈಗ ಕಾಯುವ ತಾಳ್ಮೆ ಯಾರಿಗೂ ಇಲ್ಲ.

ಬೂತಾಯಿ ಪುಳಿಮುಂಚಿ:
"ಕಾಯುತ್ತಿದ್ದರು" ಅನ್ನುವುದು ತಾಳ್ಮೆಯಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ. ಎಂಜಿನ್ ಇದ್ದಿದ್ದರೆ ಅವರೂ ಹೋಗುತ್ತಿದ್ದರು. ಬೆಳಕಿನ ವಿಷಯಕ್ಕೆ ಮಾತ್ರ ನಿಮ್ಮದೇ ಸರಿ, ಅದರಲ್ಲಿ ಚರ್ಚೆ ಇಲ್ಲ.

ಪಟ್ಣದ ಹುಡುಗ:
ಪೂರ್ವಜರಿಗೆ ತಾಳ್ಮೆ ಇರಲಿಲ್ಲ ಅಂತೀರಾ? ನೂಲು ಹುಣ್ಣಿಮೆಗೆ ಕಡಲಿಗೆ ಹಾಲು ಎರೆದು, ತೆಂಗಿನಕಾಯಿ ಬಿಟ್ಟು, ಆಮೇಲೆ ಬಲೆ ಇಳಿಸುತ್ತಿದ್ದವರು. ಅಲ್ಲಿವರೆಗೆ ಮುಟ್ಟುತ್ತಿರಲಿಲ್ಲ. ಸರಕಾರದ 61 ದಿನಕ್ಕಿಂತ ಮೊದಲೇ ನಮ್ಮಲ್ಲಿ ರಜೆ ಇತ್ತು.

ಗಂಗೊಳ್ಳಿಯವ:
ಇದು ಒಳ್ಳೆಯ ಮಾತು. ಒಪ್ಪುತ್ತೇನೆ. ಮಳೆಗಾಲದಲ್ಲಿ ದೋಣಿ ಇಳಿಸಿದರೆ ತಿರುಗಿ ಬರುವುದು ಕಷ್ಟ ಅನ್ನುವುದೂ ಕಾರಣ ಇರಬಹುದು, ಇರಲಿ. ಆದರೆ ಹುಣ್ಣಿಮೆ ಪೂಜೆ ಮುಗಿಸಿ ಇಳಿಸಿದ ಆ ರಂಪಣಿ ಮಾತ್ರ ಗೋವಾದ್ದೇ.

ಪಟ್ಣದ ಹುಡುಗ:
ಸಾಯಲಿ ಮಾರ್ರೆ. ನಿಮಗೆ ಒಂದು ರಾಂಪಣ್ ಪಾರ್ಸೆಲ್ ಕಳಿಸುತ್ತೇನೆ, ಇಟ್ಟುಕೊಳ್ಳಿ.

ಕಡಲಬದಿಯವ:
ಮೇಲಿನ ನನ್ನ ಬರಹದಲ್ಲಿ "ಅನಾದಿಕಾಲದಿಂದ" ಅನ್ನುವುದನ್ನು "ಅಜ್ಜನ ಕಾಲದಿಂದ" ಅಂತ ತಿದ್ದುತ್ತಿದ್ದೇನೆ. ಉಳಿದದ್ದರಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ.

ಗಂಗೊಳ್ಳಿಯವ:
ಯಾರ ಅಜ್ಜನ ಕಾಲ?